ನಕ್ಷೆಯಲ್ಲಿ ಕಾಣದ ಬೀದಿ

ನಗರದ ವಿನ್ಯಾಸ ಶಾಲೆಗಳ ವಿದ್ಯಾರ್ಥಿಗಳು ಕ್ಯಾಮೆರಾ ಮತ್ತು ಚಿತ್ರಪುಸ್ತಕ ಹಿಡಿದು ಬೀದಿಗಿಳಿಯುವುದು ಕಳೆದ ಎರಡು ದಶಕಗಳಲ್ಲಿ ಸಾಮಾನ್ಯ ಸಂಗತಿಯಾಗಿದೆ. ಹೂವಾಡಗಿತ್ತಿಯ ಬುಟ್ಟಿ, ಚಪ್ಪಲಿ ಹೊಲಿಯುವವರ ಹರಕು ಕೊಡೆ, ಇಸ್ತ್ರಿ ಗಾಡಿಯ ಕೆಂಡ, ಬಸ್ ನಿಲ್ದಾಣದ ಗೋಡೆಯ ಮೇಲಿನ ಬರಹ, ಸಂಜೆಯ ತಿಂಡಿಗಾಡಿಯ ಸುತ್ತ ನಿಂತವರ ಗುಂಪು ಇವೆಲ್ಲ ಅವರ ಅಧ್ಯಯನದ ವಸ್ತುಗಳು. ವರ್ಷದ ಕೊನೆಗೆ ಅವು ಒಂದು ಪ್ರದರ್ಶನವಾಗುತ್ತವೆ, ಅಂದವಾದ ಒಂದು ಪುಸ್ತಕವಾಗುತ್ತವೆ, ಅಂಕಪಟ್ಟಿಯಲ್ಲಿ ಒಂದು ಸಾಲಾಗುತ್ತವೆ. ಮಲೆನಾಡಿನ ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಅಡಿಕೆಗೆ ಎಲೆಚುಕ್ಕಿ ರೋಗ, ಗದ್ದೆಗೆ ಕಾಡಾನೆ, ಮಳೆಗಾಲ ಬಂತೆಂದರೆ ಗುಡ್ಡಕ್ಕೆ ಬಿರುಕು ಎಂದು ದಿನ ದೂಡುತ್ತಿರುವ ನಮಗೆ ಪೇಟೆಯ ಮಕ್ಕಳ ಈ ಚಿತ್ರಾಭ್ಯಾಸದಿಂದ ಆಗಬೇಕಾದದ್ದೇನು?

ಆಗಬೇಕಾದದ್ದು ಬಹಳವಿದೆ ಎಂಬುದೇ ಈ ಲೇಖನದ ವಾದ. ಇಂದು ನಮ್ಮ ಊರುಗಳ ಭವಿಷ್ಯ ತೀರ್ಮಾನವಾಗುತ್ತಿರುವುದೇ ಚಿತ್ರಗಳ ಮೇಲೆ. ರಸ್ತೆ ಎಷ್ಟು ಅಗಲವಾಗಬೇಕು, ಯಾವ ಮರ ಉರುಳಬೇಕು, ಯಾವ ಗುಡ್ಡ ಸೀಳಬೇಕು ಎಂಬುದು ಯಾವುದೋ ಕಚೇರಿಯ ನಕ್ಷೆಯಲ್ಲಿ ಮೊದಲೇ ಬರೆದಾಗಿರುತ್ತದೆ. ಆ ನಕ್ಷೆಯಲ್ಲಿ ಇಲ್ಲದ್ದು ನೆಲದ ಮೇಲೂ ಇಲ್ಲವೆಂದೇ ಲೆಕ್ಕ. ಕಾಲುಸಂಕ, ಚಹಾದಂಗಡಿ, ಸಂತೆಯ ದಿನ ಹೆಂಗಸರು ತಲೆಹೊರೆ ಇಳಿಸುವ ಕಟ್ಟೆ, ಬಸ್ಸಿಗೆ ಕಾಯುವ ಮಕ್ಕಳು ನಿಲ್ಲುವ ಮರದ ನೆರಳು ಇವು ಯಾವುವೂ ಆ ನಕ್ಷೆಯ ಗೆರೆಗಳಿಗೆ ದಕ್ಕುವುದಿಲ್ಲ. ಹೀಗಿರುವಾಗ ಬೀದಿಯ ದಿನಚರಿಯನ್ನು ತಾಳ್ಮೆಯಿಂದ ನೋಡಿ ದಾಖಲಿಸುವ ವಿದ್ಯೆ ಒಂದು ಹವ್ಯಾಸ ಮಾತ್ರವಾಗಿ ಉಳಿಯಲಾರದು. ಅದು ನಮ್ಮ ಹಕ್ಕಿನ ಸಾಕ್ಷ್ಯವಾಗಬಲ್ಲದು. ನಗರದ ವಿದ್ಯಾರ್ಥಿಗಳು ಅದನ್ನು ಎಲ್ಲಿ ಸರಿಯಾಗಿ ಮಾಡಿದ್ದಾರೆ, ಎಲ್ಲಿ ಅರ್ಧಕ್ಕೆ ಬಿಟ್ಟಿದ್ದಾರೆ ಎಂಬುದನ್ನು ನಾವು ತಿಳಿಯುವುದು ಅಗತ್ಯ.

ತಂಬಿಗೆಯಿಂದ ಬೀದಿಗೆ

ನಿತ್ಯದ ಬದುಕನ್ನು ಗಮನಿಸುವುದೇ ವಿನ್ಯಾಸದ ಮೊದಲ ಪಾಠ ಎಂಬ ಮಾತು ನಮ್ಮ ದೇಶದಲ್ಲಿ ಹೊಸದೇನಲ್ಲ. 1958ರಲ್ಲಿ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಆಹ್ವಾನದ ಮೇರೆಗೆ ಇಲ್ಲಿ ಸುತ್ತಾಡಿ ಒಂದು ವರದಿ ಸಲ್ಲಿಸಿದರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿಯಲ್ಲಿ ಅವರು ಭಾರತದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಶ್ರೇಷ್ಠವಾದದ್ದೆಂದು ಎತ್ತಿ ಹೇಳಿದ್ದು ಯಾವ ಅರಮನೆಯ ಒಡವೆಯನ್ನೂ ಅಲ್ಲ, ಮನೆಮನೆಯ ತಂಬಿಗೆಯನ್ನು. ಅದನ್ನು ಸೊಂಟದ ಮೇಲಿಟ್ಟು ಹೊರುವಾಗ ಹೇಗೆ ಕೂರುತ್ತದೆ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ನೀರು ಸುರಿಯುವಾಗ ಕಂಠ ಹೇಗೆ ನೆರವಾಗುತ್ತದೆ, ಬೆಳಗಲು ಸುಲಭವೇ, ಬೆಲೆ ಎಷ್ಟು ಎಂದು ಅವರು ಒಂದರ ಮೇಲೊಂದು ಪ್ರಶ್ನೆ ಹಾಕಿದರು. ಅಂಥ ವಸ್ತುವನ್ನು ಯಾವ ಒಬ್ಬ ವ್ಯಕ್ತಿಯೂ ರೂಪಿಸಿಲ್ಲ; ತಲೆಮಾರುಗಳು ಬಳಸಿ, ತಿದ್ದಿ, ಉಳಿಸಿಕೊಂಡಿವೆ ಎಂಬುದು ಅವರ ಅರಿವು.

ತಂಬಿಗೆಗೆ ಹೇಳಿದ ಈ ಮಾತು ಬೀದಿಗೂ ಸಲ್ಲುತ್ತದೆ. ಹಳೆಯ ಪೇಟೆಬೀದಿಯನ್ನು ಯಾವ ಒಬ್ಬ ಎಂಜಿನಿಯರೂ ರಚಿಸಿದ್ದಲ್ಲ. ಎಲ್ಲಿ ಗಾಡಿ ನಿಲ್ಲಬೇಕು, ಎಲ್ಲಿ ಬಾವಿ ಬೇಕು, ಯಾವ ಅಂಗಡಿಯ ಜಗಲಿ ಎಷ್ಟು ಮುಂದೆ ಬರಬಹುದು ಎಂಬುದು ಬಳಸಿದವರ ಒಪ್ಪಂದದಿಂದ ಕಾಲಾಂತರದಲ್ಲಿ ನಿಂತ ವ್ಯವಸ್ಥೆ. ಅದನ್ನು ಕಾಣಲು ಒಂದು ಬಗೆಯ ಕಣ್ಣು ಬೇಕು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅಂಥ ಕಣ್ಣುಳ್ಳವರಾಗಿದ್ದರು. ದೇಶವಿದೇಶಗಳ ದೊಡ್ಡ ಪತ್ರಿಕೆಗಳಿಗೆ ದುಡಿದ ಆ ಛಾಯಾಗ್ರಾಹಕರು ಪ್ರಸಿದ್ಧರ ಚಿತ್ರ ತೆಗೆದರೂ ಅವರ ಹೆಸರು ಉಳಿದಿರುವುದು ಸಾಮಾನ್ಯ ಜನರ ಸಾಮಾನ್ಯ ಕ್ಷಣಗಳಿಂದ. ಅವರ ಚಿತ್ರಗಳಲ್ಲಿ ಬಡವರು ಕರುಣೆಯ ವಸ್ತುಗಳಾಗಿ ಬರುವುದಿಲ್ಲ, ತಮ್ಮ ಕೆಲಸದಲ್ಲಿ ತೊಡಗಿದ ಘನತೆಯ ಮನುಷ್ಯರಾಗಿ ಬರುತ್ತಾರೆ. ಬೀದಿಯನ್ನು ನೋಡಹೊರಟ ಇಂದಿನ ಪ್ರತಿ ವಿದ್ಯಾರ್ಥಿಯೂ ಮೊದಲು ಕಲಿಯಬೇಕಾದ ಮರ್ಯಾದೆ ಇದು.

ಯಲಹಂಕದ ಓಣಿ, ಸುಲ್ತಾನ್‌ಪಾಳ್ಯದ ಮೊಸಳೆ

ಬೆಂಗಳೂರಿನ ಒಂದು ವಿದ್ಯಾರ್ಥಿ ಯೋಜನೆ ಇಲ್ಲಿ ವಿವರವಾಗಿ ಹೇಳಲು ಯೋಗ್ಯವಾಗಿದೆ. 2003ರಲ್ಲಿ ಯಲಹಂಕದ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿನಿ ಜಸ್ಮೀನ್ ಪಥೇಜಾ ತಮ್ಮ ಓದಿನ ಭಾಗವಾಗಿ ‘ಬ್ಲ್ಯಾಂಕ್ ನಾಯ್ಸ್’ ಎಂಬ ಕೆಲಸ ಆರಂಭಿಸಿದರು. ವಿಷಯ, ಬೀದಿಯಲ್ಲಿ ಹೆಣ್ಣುಮಕ್ಕಳು ದಿನನಿತ್ಯ ಅನುಭವಿಸುವ ಕಿರುಕುಳ. ಇದು ನಗರದ ಯಾವ ನಕ್ಷೆಯಲ್ಲೂ ಇರಲಿಲ್ಲ. ರಸ್ತೆಯ ಅಗಲ, ದೀಪದ ಕಂಬ, ಚರಂಡಿ ಎಲ್ಲಕ್ಕೂ ಗುರುತು ಇತ್ತು. ಯಾವ ತಿರುವಿನಲ್ಲಿ ಹುಡುಗಿಯರ ಹೆಜ್ಜೆ ವೇಗವಾಗುತ್ತದೆ ಎಂಬುದಕ್ಕೆ ಗುರುತು ಇರಲಿಲ್ಲ. ಅವರು ಮಹಿಳೆಯರ ಮಾತುಗಳನ್ನು ಸಂಗ್ರಹಿಸಿದರು. ಕಿರುಕುಳಕ್ಕೊಳಗಾದ ದಿನ ತಾವು ಉಟ್ಟಿದ್ದ ಬಟ್ಟೆಯನ್ನು ತಂದುಕೊಡಲು ಹೇಳಿದರು. ಸೀರೆ, ಚೂಡಿದಾರ, ಶಾಲೆಯ ಸಮವಸ್ತ್ರ ಎಲ್ಲವೂ ಬಂದವು. ‘ನೀನು ಉಟ್ಟ ಬಟ್ಟೆಯೇ ಕಾರಣ’ ಎನ್ನುವ ಹಳೆಯ ಆರೋಪಕ್ಕೆ ಆ ಬಟ್ಟೆಗಳೇ ಉತ್ತರವಾದವು.

2012ರಲ್ಲಿ ಅದೇ ಯಲಹಂಕದ ಒಂದು ಓಣಿಯಲ್ಲಿ ನಡೆದದ್ದು ಇನ್ನೂ ಗಮನಾರ್ಹ. ವಿದ್ಯಾರ್ಥಿನಿಯರು ಹೆದರಿ ಓಡಾಡುತ್ತಿದ್ದ, ತಮ್ಮತಮ್ಮಲ್ಲೇ ಭಯಾನಕ ಹೆಸರಿನಿಂದ ಕರೆಯುತ್ತಿದ್ದ ಓಣಿ ಅದು. ಅಲ್ಲಿ ಅವರು ಮೇಜು ಕುರ್ಚಿ ಹಾಕಿದರು, ಚಹಾ ಸಮೋಸ ಇಟ್ಟರು, ಅಪರಿಚಿತರನ್ನು ಎದುರು ಕೂರಿಸಿಕೊಂಡು ಮಾತಾಡಿದರು. ಯಾರನ್ನೂ ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಹೆದರುವವರು ಮತ್ತು ಹೆದರಿಕೆಗೆ ಕಾರಣರೆಂದು ಎಣಿಸಲಾದವರು ಒಂದೇ ಮೇಜಿನ ಎರಡು ಬದಿ ಕೂತರು. ಅನಂತರದ ವರ್ಷಗಳಲ್ಲಿ ಇದೇ ಬಳಗದ ಕರೆಯಂತೆ ಹೆಂಗಸರು ಉದ್ಯಾನಗಳಲ್ಲಿ ಹಗಲು ಹೊತ್ತು ನಿರಾತಂಕವಾಗಿ ಮಲಗಿ ನಿದ್ರಿಸುವ ಕಾರ್ಯಕ್ರಮಗಳೂ ನಡೆದವು. ದಣಿದ ಗಂಡಸು ಮರದಡಿ ಟವೆಲ್ಲು ಹಾಸಿ ಮಲಗಿದರೆ ಯಾರೂ ತಿರುಗಿ ನೋಡರು. ಹೆಂಗಸು ಮಲಗಿದರೆ ಅದೊಂದು ಸುದ್ದಿ. ಈ ಅಂತರವನ್ನು ಕಾಣಿಸಿದ್ದೇ ಆ ಕೆಲಸದ ಸಾಧನೆ.

ಇನ್ನೊಂದು ಉದಾಹರಣೆ ವಿನ್ಯಾಸ ಶಾಲೆಯದಲ್ಲ, ಆದರೆ ಅದೇ ದಾರಿಯದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ನಿಜಗಾತ್ರದ ಮೊಸಳೆಯ ಪ್ರತಿಕೃತಿಯೊಂದನ್ನು ಇಳಿಸಿದರು. ಸುತ್ತ ಹಸಿರು ಬಣ್ಣದ ಕೊಳ ಬರೆದರು. ತಿಂಗಳುಗಳಿಂದ ಕಾಣದಿದ್ದ ಗುಂಡಿ ಒಂದೇ ದಿನದಲ್ಲಿ ದೇಶಕ್ಕೆಲ್ಲ ಕಂಡಿತು, ಅಧಿಕಾರಿಗಳು ದುರಸ್ತಿಗೆ ಧಾವಿಸಿದರು. 2019ರ ಸೆಪ್ಟೆಂಬರ್‌ನಲ್ಲಿ ಹೇರೋಹಳ್ಳಿ ಬಳಿಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ವೇಷದವರೊಬ್ಬರು ಚಂದ್ರನ ಮೇಲೆ ನಡೆದಂತೆ ನಡೆಯುವ ದೃಶ್ಯವನ್ನು ಅವರು ಚಿತ್ರೀಕರಿಸಿದಾಗಲೂ ಹಾಗೆಯೇ ಆಯಿತು. ಚಂದ್ರಯಾನ-2ರ ಸುದ್ದಿ ಎಲ್ಲರ ಬಾಯಲ್ಲಿದ್ದ ದಿನಗಳವು.

ನೋಟಕ್ಕೆ ಇಷ್ಟು ಬಲವಿದೆ. ಆದರೆ ಅದರ ಮಿತಿಯನ್ನೂ ಇಲ್ಲಿಯೇ ಗುರುತಿಸಬೇಕು. ಸುದ್ದಿಯಾದ ಗುಂಡಿ ಮುಚ್ಚಿತು. ಪಕ್ಕದ ಬೀದಿಯ ಗುಂಡಿಗೆ ಮೊಸಳೆ ಬರಲಿಲ್ಲವಾದ್ದರಿಂದ ಅದು ಹಾಗೆಯೇ ಉಳಿಯಿತು. ಒಂದು ಚಿತ್ರ ಅಧಿಕಾರಿಯನ್ನು ನಾಚಿಸಬಲ್ಲದು, ಆದರೆ ವ್ಯವಸ್ಥೆಯನ್ನು ತಿದ್ದಲು ನಾಚಿಕೆಯೊಂದೇ ಸಾಲದು.

ಗೋಡೆಯ ಮೇಲಿನ ಕಾಡು

ನೋಟ ದಾರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರೇ ಸಾಕ್ಷಿ. 2009ರಲ್ಲಿ ಅಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆದವು. ಒಂದೆಡೆ ಮೆಟ್ರೊ ಕಾಮಗಾರಿಗಾಗಿ ಲಾಲ್‌ಬಾಗಿನ ಅಂಚಿನ ಗೋಡೆ ಒಡೆದು, ಜಯನಗರದ ನಂದಾ ರಸ್ತೆಯ ಮರಗಳ ಮೇಲೆ ಕೊಡಲಿ ಬಿತ್ತು. ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಇನ್ನೊಂದೆಡೆ ಮಹಾನಗರ ಪಾಲಿಕೆ ನಗರದ ಗೋಡೆಗಳ ಮೇಲೆ ನಾಡಿನ ಸ್ಮಾರಕಗಳನ್ನೂ ಕಾಡು, ಜಲಪಾತ, ವನ್ಯಪ್ರಾಣಿಗಳನ್ನೂ ಬರೆಸತೊಡಗಿತು. ಗೋಡೆಯ ಮೇಲೆ ನಮ್ಮ ಸಹ್ಯಾದ್ರಿ ಹಸಿರಾಗಿ ಮೂಡುತ್ತಿದ್ದಾಗ ಗೋಡೆಯ ಮುಂದಿನ ಮರ ಉರುಳುತ್ತಿತ್ತು. ಆ ಚಿತ್ರಗಳನ್ನು ಬರೆದ ಕಲಾವಿದರಲ್ಲಿ ಅನೇಕರು ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಮತ್ತು ನಾಮಫಲಕಗಳ ಕುಶಲಕರ್ಮಿಗಳು. ಅವರ ಅನ್ನಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಚಿತ್ರ ಯಾವುದನ್ನು ಮರೆಮಾಡಲು ಬಳಕೆಯಾಗುತ್ತಿದೆ ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ.

ವಿದ್ಯಾರ್ಥಿಗಳ ಯೋಜನೆಗಳಲ್ಲಿಯೂ ಈ ಅಪಾಯವಿದೆ. ಬೀದಿಬದಿಯ ಹರಕು ತಾಡಪಾಲು, ಬಣ್ಣ ಮಾಸಿದ ಗೋಡೆ, ಮುದುಕನ ಮುಖದ ಸುಕ್ಕು ಇವು ಕ್ಯಾಮೆರಾಕ್ಕೆ ಬಹಳ ಸೊಗಸು. ಆ ಸೊಗಸಿನಲ್ಲಿ ಮುದುಕನಿಗೆ ಪಿಂಚಣಿ ಬರುತ್ತಿದೆಯೇ ಎಂಬ ಪ್ರಶ್ನೆ ಮುಳುಗಿಹೋಗುತ್ತದೆ. ಇನ್ನು ಪ್ರದರ್ಶನದ ವಿವರಣೆಗಳೆಲ್ಲ ಬಹುಪಾಲು ಇಂಗ್ಲಿಷಿನಲ್ಲಿ. ಯಾರ ಬದುಕನ್ನು ಬರೆಯಲಾಗಿದೆಯೋ ಅವರು ಓದಲಾಗದ ಭಾಷೆಯಲ್ಲಿ, ಅವರು ಕಾಲಿಡಲು ಹಿಂಜರಿಯುವ ಸಭಾಂಗಣದಲ್ಲಿ ಆ ಚಿತ್ರ ತೂಗುತ್ತದೆ. ಬೀದಿಯಿಂದ ತಂದದ್ದನ್ನು ಬೀದಿಗೆ ಹಿಂದಿರುಗಿಸದ ಅಧ್ಯಯನ, ಕಾಡಿನಿಂದ ಮರ ತಂದು ಸಸಿ ನೆಡದ ಗುತ್ತಿಗೆಯಂತೆಯೇ. ಯಲಹಂಕದ ಓಣಿಯ ಕೆಲಸ ಇದಕ್ಕಿಂತ ಮಿಗಿಲೆನಿಸುವುದು ಅದು ಓಣಿಯಲ್ಲಿಯೇ ನಡೆದು ಓಣಿಯವರ ಜೊತೆಗೇ ಮುಗಿಯಿತು ಎಂಬ ಕಾರಣಕ್ಕೆ.

ಮೋರಟಗಿಯ ನೆರಳು

ನಗರದ ಬೀದಿಯ ಚಿತ್ರದಲ್ಲಿ ಬಹುತೇಕ ಬಿಟ್ಟುಹೋಗುವ ಒಬ್ಬರಿದ್ದಾರೆ. ಅವರು ಆ ಬೀದಿಯನ್ನು ಅಗೆಯುವವರು, ಡಾಂಬರು ಹಾಕುವವರು, ಕೇಬಲ್ಲಿಗೆ ಕಾಲುವೆ ತೋಡುವವರು. ಬೆಂಗಳೂರಿನ ಈ ಕೂಲಿಕಾರರಲ್ಲಿ ಬಹಳ ಮಂದಿ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯವರು. ನೀಲಿ ತಾಡಪಾಲಿನ ಗುಡಿಸಲುಗಳಲ್ಲಿ ಅವರ ವಾಸ. ವಿಜಯಪುರದ ಕಡೆಯವರಂತೂ ಮುಂಬಯಿ, ಪುಣೆ, ಗೋವಾಗಳಿಗೂ ತಲೆಮಾರುಗಳಿಂದ ಗುಳೆ ಹೋಗುತ್ತಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಗಂಟುಮೂಟೆ ಹೊತ್ತು, ಮಕ್ಕಳ ಕೈಹಿಡಿದು ಅವರು ಊರಿನತ್ತ ಹೊರಟಾಗ ಮಾತ್ರ ಇಷ್ಟು ಜನ ನಮ್ಮ ನಗರಗಳಲ್ಲಿದ್ದರೇ ಎಂದು ನಾಡು ಬೆರಗಾಯಿತು. ಅಷ್ಟು ಕಾಲ ಅವರು ಕಣ್ಣೆದುರೇ ಇದ್ದರು, ಆದರೆ ನೋಟದಲ್ಲಿರಲಿಲ್ಲ.

ಆದ್ದರಿಂದ ಈ ನೋಡುವ ವಿದ್ಯೆಯನ್ನು ಪರೀಕ್ಷಿಸಲು ಬೆಂಗಳೂರಿನ ಚರ್ಚ್ ಸ್ಟ್ರೀಟಿಗಿಂತ ಅವರ ಊರೇ ಸೂಕ್ತ. ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಮೋರಟಗಿಯನ್ನು ತೆಗೆದುಕೊಳ್ಳೋಣ. ಕಪ್ಪು ಎರೆಭೂಮಿ, ಹಿಂಗಾರಿಯ ಬಿಳಿಜೋಳ, ತೊಗರಿ, ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಇದು ಆ ಸೀಮೆಯ ಬದುಕು. ರಾಜ್ಯದಲ್ಲಿ ಅರಣ್ಯ ಅತ್ಯಂತ ಕಡಿಮೆಯಿರುವ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಮರವೆಂದರೆ ಮಲೆನಾಡಿನವರಾದ ನಮಗೆ ಬೆಟ್ಟ, ಕಾನು, ಸೊಪ್ಪು, ದರಕು. ಮೋರಟಗಿಯಂಥ ಊರಿನಲ್ಲಿ ಮರವೆಂದರೆ ಬೀದಿಬದಿಯ ಬೇವು. ಆ ಒಂದು ಬೇವಿನಡಿ ಬಸ್ಸಿಗೆ ಕಾಯುವವರು ನಿಲ್ಲುತ್ತಾರೆ, ಟಂಟಂ ಗಾಡಿಗಳು ಸಾಲುಗಟ್ಟುತ್ತವೆ, ಕಲ್ಲಂಗಡಿ ರಾಶಿ ಬೀಳುತ್ತದೆ, ಹಿರಿಯರು ಕಟ್ಟೆಯ ಮೇಲೆ ಪಂಚಾಯಿತಿ ಮಾಡುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ನೆರಳು ಪಡುವಣದಿಂದ ಮೂಡಣಕ್ಕೆ ಸರಿದಂತೆ ಜನರೂ ಸರಕೂ ಸರಿಯುತ್ತವೆ. ಊರಿನ ನಿಜವಾದ ಸಾರ್ವಜನಿಕ ಕಟ್ಟಡ ಆ ನೆರಳೇ.

ಇಂಥ ಊರಿನ ರಸ್ತೆ ಅಗಲವಾಗುವಾಗ ಸಮೀಕ್ಷೆಯ ಕಾಗದದಲ್ಲಿ ಏನಿರುತ್ತದೆ? ಮರದ ಜಾತಿ, ಸುತ್ತಳತೆ, ಸೌದೆಯ ಬೆಲೆ ಇಷ್ಟೇ. ಆ ಮರದಡಿ ದಿನಕ್ಕೆ ಎಷ್ಟು ಜನ ನಿಂತರು, ಯಾರ ಹೊಟ್ಟೆ ಹೊರೆಯಿತು ಎಂಬುದಕ್ಕೆ ಅದರಲ್ಲಿ ಕಲಮೇ ಇಲ್ಲ. ಇನ್ನು ಒಬ್ಬ ವಿದ್ಯಾರ್ಥಿನಿ ಅಲ್ಲಿ ಒಂದು ದಿನ ಕೂತು ಮುಂಜಾನೆ, ನಡುಮಧ್ಯಾಹ್ನ, ಇಳಿಹೊತ್ತು ಹೀಗೆ ಮೂರು ಹೊತ್ತಿನ ನೆರಳಿನ ಗೆರೆಯನ್ನೂ ಅದರೊಳಗಿದ್ದವರನ್ನೂ ಬರೆದಳೆನ್ನಿ. ‘ಬೇವು, ಒಂದು’ ಎಂಬ ಸಾಲು ಆಗ ಒಂದು ಊರಿನ ಬದುಕಾಗಿ ಎದ್ದು ನಿಲ್ಲುತ್ತದೆ. ಬದಲಿಗೆ ಹತ್ತು ಸಸಿ ನೆಡುತ್ತೇವೆಂಬ ಭರವಸೆಯನ್ನು ಆ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕದ ಟೊಳ್ಳು ಬಯಲಾಗುತ್ತದೆ. ಆ ಸಸಿ ನೆರಳಾಗುವ ತನಕದ ಇಪ್ಪತ್ತು ಬೇಸಗೆಗಳನ್ನು ಬಿಸಿಲಲ್ಲಿ ನಿಂತು ಕಳೆಯುವವರು ಯಾರು?

ನಮ್ಮ ಘಟ್ಟದ ರಸ್ತೆಗಳು

ಬಯಲುಸೀಮೆಯಲ್ಲಿ ನಕ್ಷೆ ಬಿಟ್ಟದ್ದು ನೆರಳನ್ನು. ನಮ್ಮಲ್ಲಿ ಬಿಟ್ಟದ್ದು ಪ್ರಾಣವನ್ನೇ. 2024ರ ಜುಲೈ 16ರ ಬೆಳಿಗ್ಗೆ ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿಯ ಅಂಚಿನಲ್ಲಿದ್ದ ಒಂದು ಚಹಾದಂಗಡಿ, ಅದನ್ನೇ ನಂಬಿದ್ದ ಕುಟುಂಬ, ಚಹಾಕ್ಕೆಂದು ನಿಂತಿದ್ದ ಲಾರಿ ಚಾಲಕರು ಮಣ್ಣಿನಡಿಯಾದರು, ಗಂಗಾವಳಿ ನದಿಯ ಪಾಲಾದರು. ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದುರು ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿ ಅಲ್ಲಿಯೂ ಜೀವ ಹೋಯಿತು. ಸತ್ತವರು, ಕಾಣೆಯಾದವರು ಸೇರಿ 11 ಮಂದಿ. ಕೇರಳದ ಚಾಲಕರೊಬ್ಬರ ದೇಹ ಲಾರಿಯ ಸಮೇತ ದೊರೆತದ್ದು ಎರಡು ತಿಂಗಳು ಕಳೆದ ಮೇಲೆ. ಅಂದಿನ ಮಳೆ ಅಸಾಧಾರಣವಾಗಿತ್ತು ಎಂಬುದು ನಿಜ. ಗುಡ್ಡದ ಬುಡವನ್ನು ಹೆದ್ದಾರಿಗಾಗಿ ಕಡಿದಾಗಿ ಸೀಳಲಾಗಿತ್ತು ಎಂಬುದೂ ಅಷ್ಟೇ ನಿಜ. ಅದೇ ಮಳೆಗಾಲದಲ್ಲಿ ಶಿರಾಡಿ ಘಾಟಿಯೂ ಮತ್ತೆಮತ್ತೆ ಕುಸಿದು ಸಂಚಾರ ನಿಂತಿತು.

ಹೆದ್ದಾರಿಯ ನಕ್ಷೆಯಲ್ಲಿ ಗುಡ್ಡವೊಂದು ಓರೆಗೆರೆ, ನದಿಯೊಂದು ನೀಲಿಗೆರೆ. ಆ ಎರಡು ಗೆರೆಗಳ ನಡುವೆ ಜನ ಎಲ್ಲಿ ನಿಲ್ಲುತ್ತಾರೆ, ಲಾರಿಗಳು ಎಲ್ಲಿ ತಂಗುತ್ತವೆ, ಎದುರು ದಡದಲ್ಲಿ ಎಷ್ಟು ಒಲೆ ಉರಿಯುತ್ತವೆ ಎಂಬುದನ್ನು ಮೊದಲೇ ದಾಖಲಿಸಿ, ಸೀಳಿದ ಬುಡದ ಮಣ್ಣು ಪ್ರತಿ ಮಳೆಗೆ ಹೇಗೆ ಜಾರುತ್ತಿದೆ ಎಂಬುದನ್ನು ವರ್ಷವರ್ಷವೂ ಅದೇ ಜಾಗದಿಂದ ಚಿತ್ರ ತೆಗೆದಿಟ್ಟಿದ್ದರೆ ಗುಡ್ಡ ನಿಲ್ಲುತ್ತಿತ್ತೆಂದು ಹೇಳಲಾಗದು. ಆದರೆ ಅಲ್ಲಿ ಅಂಗಡಿಯನ್ನೂ ಲಾರಿ ತಂಗುದಾಣವನ್ನೂ ಮಳೆಗಾಲಕ್ಕೆ ಮುನ್ನ ಸುರಕ್ಷಿತ ಜಾಗಕ್ಕೆ ಸರಿಸಬೇಕೆಂಬ ಒತ್ತಾಯಕ್ಕೆ ಕೈಯಲ್ಲೊಂದು ಸಾಕ್ಷ್ಯವಿರುತ್ತಿತ್ತು.

ಸಾಕ್ಷ್ಯದ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಗೆ 2013ರಲ್ಲಿ ತಂದ ತಿದ್ದುಪಡಿಯಿಂದ, 100 ಕಿಲೋಮೀಟರಿಗಿಂತ ಹೆಚ್ಚಿಲ್ಲದ ಮತ್ತು ನಿಗದಿತ ಅಗಲದೊಳಗೆ ಭೂಮಿ ಪಡೆಯುವ ರಾಷ್ಟ್ರೀಯ ಹೆದ್ದಾರಿ ವಿಸ್ತರಣೆಗಳಿಗೆ ಪರಿಸರ ಅನುಮತಿಯಿಂದಲೇ ವಿನಾಯಿತಿ ದೊರೆಯಿತು. ಅನುಮತಿ ಬೇಡವೆಂದರೆ ಅದಕ್ಕಾಗಿ ನಡೆಯುತ್ತಿದ್ದ ಸಾರ್ವಜನಿಕ ಅಹವಾಲು ಸಭೆಯೂ ಬೇಡವಾಯಿತು. ನಮ್ಮನ್ನು ಕೇಳುವ ಬಾಗಿಲು ಮುಚ್ಚಿದಲ್ಲಿ ನಾವೇ ಬಾಗಿಲು ತಟ್ಟಬೇಕಾಗುತ್ತದೆ, ತಟ್ಟುವ ಕೈಯಲ್ಲಿ ಪುರಾವೆ ಇರಬೇಕಾಗುತ್ತದೆ.

ತೆರೆದಿರುವ ಬಾಗಿಲುಗಳೂ ಇವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದಾಗ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯಂತೆ ಪಟ್ಟಣಗಳಲ್ಲಿ ವ್ಯಾಪಾರಿಗಳ ಸಮೀಕ್ಷೆ ಮುಗಿಯುವವರೆಗೆ ಅವರನ್ನು ಒಕ್ಕಲೆಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಇರಬೇಕು. ಶಿರಸಿ, ತೀರ್ಥಹಳ್ಳಿ, ಸಕಲೇಶಪುರದಂಥ ನಮ್ಮ ಪೇಟೆಗಳಿಗೂ ಇದು ಅನ್ವಯಿಸುತ್ತದೆ. ಗ್ರಾಮಸಭೆ ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ರಸ್ತೆಯ ನಕ್ಷೆಯನ್ನೇ ಕೇಳಿ ಪಡೆಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಈ ಕಾನೂನುಗಳೆಲ್ಲ ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಏನಿತ್ತು, ಯಾರಿದ್ದರು, ತೋರಿಸಿ.

ಎರಡು ಆಕ್ಷೇಪಗಳು

ಈ ವಾದಕ್ಕೆ ಎರಡು ಪ್ರಾಮಾಣಿಕ ಆಕ್ಷೇಪಗಳಿವೆ. ಮೊದಲನೆಯದು, ಹಳ್ಳಿಗರಿಗೂ ರಸ್ತೆ ಬೇಕು ಎಂಬುದು. ಹೆರಿಗೆನೋವಿನ ಹೆಣ್ಣುಮಗಳನ್ನು ಕಂಬಳಿ ಜೋಲಿಯಲ್ಲಿ ಹೊತ್ತವರಿಗೆ ರಸ್ತೆಯ ಬೆಲೆ ಯಾರೂ ಕಲಿಸಬೇಕಾಗಿಲ್ಲ. ಅವರ ಮುಂದೆ ಕಾಲುದಾರಿಯ ಸೊಬಗನ್ನು ಹಾಡುವುದು ಕ್ರೌರ್ಯ. ಆದರೆ ಆ ಹೆಣ್ಣುಮಗಳಿಗೆ ಬೇಕಾದದ್ದು ಮಳೆಗಾಲದಲ್ಲಿ ಮುಳುಗದ ಒಂದು ಸೇತುವೆ, ಆಂಬುಲೆನ್ಸ್ ಬರುವಷ್ಟು ಅಗಲದ ಗಟ್ಟಿ ದಾರಿ. ಬಂದರಿನಿಂದ ಬಯಲಿಗೆ ಸರಕು ಸಾಗಿಸುವ ಹೆದ್ದಾರಿಯನ್ನು ಅವಳ ಹೆಸರಿನಲ್ಲಿ ಸಮರ್ಥಿಸಲಾಗುತ್ತದೆ, ಅವಳ ಮನೆಯ ಮುಂದಿನ ಕಾಲುಸಂಕ ಮಾತ್ರ ಹಾಗೆಯೇ ಉಳಿಯುತ್ತದೆ. ಊರಿನ ನಿತ್ಯದ ಓಡಾಟವನ್ನು ಬರೆದಿಟ್ಟ ಚಿತ್ರ ಈ ಎರಡು ಬೇಡಿಕೆಗಳನ್ನು ಬೇರೆಬೇರೆಯಾಗಿ ಕಾಣಿಸುತ್ತದೆ. ಹೀಗಾಗಿ ಅದು ರಸ್ತೆಯ ವಿರೋಧಿಯಲ್ಲ; ಯಾವ ರಸ್ತೆ ಮೊದಲು ಎಂದು ಹೇಳುವ ದಾಖಲೆ.

ಎರಡನೆಯದು, ಇದೆಲ್ಲ ಕಲಿತವರ ಆಟ, ಚಳವಳಿಗೆ ಚಿತ್ರದಿಂದ ಏನು ಪ್ರಯೋಜನ ಎಂಬುದು. ನಮ್ಮ ಚರಿತ್ರೆಯೇ ಇದಕ್ಕೆ ಉತ್ತರ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯವರು ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡದ್ದು ಒಂದು ದೃಶ್ಯವೂ ಹೌದು. ಆ ದೃಶ್ಯ ಹೇಳಿದ್ದನ್ನು ಹತ್ತು ಮನವಿಪತ್ರಗಳು ಹೇಳಲಾರವು. ಅಪ್ಪಿಕೋ ಚಳವಳಿ ಪಾದಯಾತ್ರೆ, ಬೀದಿನಾಟಕ, ಜನಪದ ಕುಣಿತಗಳ ಜೊತೆಗೆ ಸ್ಲೈಡ್ ಪ್ರದರ್ಶನಗಳನ್ನೂ ಊರೂರಿಗೆ ಒಯ್ದಿತ್ತು. ಅಂದು ಹಾಳೆ ಮೇಲೆ ಕಾಣುವ ಬೋಳುಗುಡ್ಡದ ಚಿತ್ರವನ್ನು ರಾತ್ರಿ ಶಾಲೆಯ ಅಂಗಳದಲ್ಲಿ ಕೂತು ನೋಡಿದವರಿಗೆ ತಮ್ಮ ಗುಡ್ಡದ ಮುಂದಿನ ಗತಿ ಹೊಳೆಯಿತು. ಆ ನಂತರ 1990ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ರೂಪಿಸಿದ ಜನತಾ ಜೀವವೈವಿಧ್ಯ ದಾಖಲಾತಿಯೂ ಇದೇ ತತ್ವದ್ದು. ಊರಿನವರು ತಾವೇ ತಮ್ಮ ಗಿಡಮರ, ಹಕ್ಕಿ, ಮೀನು, ಔಷಧಿಗಳನ್ನು ಬರೆದಿಟ್ಟರು; 2002ರ ಜೀವವೈವಿಧ್ಯ ಕಾಯ್ದೆ ಅದಕ್ಕೆ ಕಾನೂನಿನ ಸ್ಥಾನ ಕೊಟ್ಟಿತು. ಕಾಡಿಗೆ ಮಾಡಿದ್ದನ್ನು ನಾವು ಬೀದಿಗೆ ಮಾಡಿಲ್ಲ, ಅಷ್ಟೆ.

ಮಾಡಬೇಕಾದದ್ದು

ಘಟ್ಟದ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಸರಳವಾದದ್ದು. ನಿಮ್ಮ ಊರಿನ ಒಂದೇ ಒಂದು ಬೀದಿ, ಸಂತೆಮಾಳ ಅಥವಾ ಬಸ್ ತಂಗುದಾಣವನ್ನು ಆರಿಸಿಕೊಳ್ಳಿ. ಮುಂಜಾನೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ಹೊತ್ತು. ಸಂತೆಯ ದಿನ ಒಮ್ಮೆ, ಸಾಧಾರಣ ದಿನ ಒಮ್ಮೆ. ಬೇಸಗೆಯಲ್ಲಿ ಒಮ್ಮೆ, ಆಷಾಢದ ಮಳೆಯಲ್ಲಿ ಒಮ್ಮೆ ಅಲ್ಲಿ ಕೂತು ಬರೆಯಿರಿ. ದುಬಾರಿ ಕ್ಯಾಮೆರಾ ಬೇಡ. ಪೆನ್ಸಿಲು, ಅಳತೆಯ ಹಗ್ಗ, ಮನೆಯಲ್ಲಿರುವ ಮೊಬೈಲು ಸಾಕು. ನೀರು ಎಲ್ಲಿಂದ ಬಂದು ಎಲ್ಲಿಗೆ ಹರಿಯಿತು, ಯಾವ ಮರದಡಿ ಯಾರು ನಿಂತರು, ಹೆಂಗಸರು ಯಾವ ಜಾಗದಲ್ಲಿ ನಿಲ್ಲಲು ಹಿಂಜರಿದರು, ಮಕ್ಕಳು ಎಲ್ಲಿ ರಸ್ತೆ ದಾಟಿದರು, ಅಂಗವಿಕಲರು ಎಲ್ಲಿ ತಡವರಿಸಿದರು, ಗುಡ್ಡದ ಯಾವ ಬದಿಯಲ್ಲಿ ಹೊಸ ಬಿರುಕು ಕಂಡಿತು ಎಂಬುದನ್ನು ಗುರುತಿಸಿ. ದಿನಾಂಕ ಹಾಕಿ. ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಒಂದು ಚಿತ್ರ ಬರಿಯ ನೋಟ, ಹತ್ತು ವರ್ಷದ ಹತ್ತು ಚಿತ್ರ ಪುರಾವೆ.

ಇದರೊಂದಿಗೆ ಮೂರು ನಿಯಮಗಳನ್ನು ಪಾಲಿಸಬೇಕು. ಯಾರ ಚಿತ್ರ ತೆಗೆಯುತ್ತೀರೋ ಅವರನ್ನು ಕೇಳಿ ತೆಗೆಯಿರಿ, ಬೇಡವೆಂದರೆ ಕೈಬಿಡಿ. ವಿವರಣೆಯನ್ನು ಕನ್ನಡದಲ್ಲಿ, ಊರಿನವರು ಆಡುವ ಮಾತಿನಲ್ಲಿಯೇ ಬರೆಯಿರಿ. ಜಾಗದ ಹೆಸರುಗಳನ್ನು ಸರ್ಕಾರಿ ಫಲಕದಲ್ಲಿದ್ದಂತೆ ಬರೆಯದೆ ಅಜ್ಜಿಯಂದಿರು ಕರೆಯುವಂತೆ ಬರೆಯಿರಿ. ಆ ಹೆಸರುಗಳಲ್ಲೇ ಹಳೆಯ ಹಳ್ಳ, ಮುಚ್ಚಿಹೋದ ಕೆರೆ, ಜರಿದ ಗುಡ್ಡದ ನೆನಪು ಅಡಗಿರುತ್ತದೆ. ಕೊನೆಯದಾಗಿ, ಮುಗಿದ ಚಿತ್ರವನ್ನು ಅದೇ ಬೀದಿಯಲ್ಲಿ ತೂಗುಹಾಕಿ. ಚಹಾದಂಗಡಿಯವರು, ಬಸ್ ಚಾಲಕರು, ಕೂಲಿಗೆ ಬಂದ ಉತ್ತರ ಕರ್ನಾಟಕದ ಅಣ್ಣತಮ್ಮಂದಿರು ಅದರ ಮುಂದೆ ನಿಂತು ‘ಇದು ತಪ್ಪು, ಅಲ್ಲಿ ಇನ್ನೊಂದು ಬಾವಿ ಇತ್ತು’ ಎಂದು ತಿದ್ದಲಿ. ಹಾಗೆ ತಿದ್ದಿದ ಚಿತ್ರದಲ್ಲಿ ಊರಿನ ಅನುಭವವೂ ಸೇರಿಕೊಳ್ಳುತ್ತದೆ.

ನಗರದ ವಿನ್ಯಾಸ ಶಾಲೆಗಳಿಗೂ ಒಂದು ಮಾತು. ನಿಮ್ಮ ವಿದ್ಯಾರ್ಥಿಗಳು ಚೆಂದವಾಗಿ ನೋಡಬಲ್ಲರು ಎಂಬುದರಲ್ಲಿ ಅನುಮಾನವಿಲ್ಲ. ಅವರನ್ನು ವರ್ಷಕ್ಕೊಮ್ಮೆ ಮೋರಟಗಿಗೂ ಅಂಕೋಲೆಗೂ ಕಳುಹಿಸಿ. ಅಲ್ಲಿಯ ಹುಡುಗ ಹುಡುಗಿಯರ ಜೊತೆ ಒಂದೇ ಹಾಳೆಯ ಮೇಲೆ ಬರೆಯಲಿ. ಅವರಿಗೆ ಗೆರೆ ಗೊತ್ತು, ಇವರಿಗೆ ನೆಲ ಗೊತ್ತು. ಇಬ್ಬರೂ ಸೇರಿ ಬರೆದದ್ದನ್ನು ಅಂಕಗಳ ಜೊತೆಗೆ ಗ್ರಾಮಸಭೆಯ ನಡಾವಳಿಯಲ್ಲಿಯೂ ಸೇರಿಸುವಂತಾಗಲಿ.

ಮುಂದಿನ ಗ್ರಾಮಸಭೆಗೆ ರಸ್ತೆ ವಿಸ್ತರಣೆಯ ಪ್ರಸ್ತಾಪ ಬಂದಾಗ ಎಂಜಿನಿಯರರು ತಮ್ಮ ನಕ್ಷೆಯನ್ನು ಮೇಜಿನ ಮೇಲೆ ಹರಡುತ್ತಾರೆ. ಅದರ ಪಕ್ಕದಲ್ಲಿ ನಮ್ಮ ಮಕ್ಕಳು ಬರೆದ ನಕ್ಷೆಯನ್ನೂ ಹರಡೋಣ. ಎರಡನ್ನೂ ಒಂದರ ಮೇಲೊಂದು ಇಟ್ಟು, ಅವರ ಗೆರೆ ನಮ್ಮ ಯಾವ ಮರ, ಯಾವ ಅಂಗಡಿ, ಯಾವ ಹಳ್ಳದ ಮೇಲೆ ಹಾಯುತ್ತದೆಂದು ಬೆರಳಿಟ್ಟು ಕೇಳೋಣ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡು, ಒಂದು ಪ್ರತಿಯನ್ನು ಊರಿನ ಶಾಲೆಯಲ್ಲಿ ಇಡೋಣ.